ನಿರ್ದೇಶಕರ ಕುರ್ಚಿಯಲ್ಲಿ ಕಾರ್ಪೊರೇಟರ್: ನಂಬಿಕೆ ಏನು, ಕಾನೂನು ಏನು?

ಕಾರ್ಪೊರೇಟರ್ ಅಂದರೆ ಚರಂಡಿ, ದಾರಿದೀಪ, ನೀರಿನ ಲೈನು. ನಮ್ಮ ಲೆಕ್ಕ ಅಲ್ಲಿಗೇ ನಿಲ್ಲುತ್ತದೆ. ಆದರೆ ಹಂಪನಕಟ್ಟೆಯ ಕ್ಲಾಕ್ ಟವರ್, ಎಮ್ಮೆಕೆರೆಯ ಈಜುಕೊಳ, ಸೆಂಟ್ರಲ್ ಮಾರ್ಕೆಟ್‌ನಂಥ ದೊಡ್ಡ ಕೆಲಸಗಳ ದಾರಿ ಪಾಲಿಕೆಯ ಪರಿಷತ್ ಸಭೆಗಿಂತ ಹೆಚ್ಚಾಗಿ ಮಂಗಳೂರು ಸ್ಮಾರ್ಟ್ ಸಿಟಿ ಲಿಮಿಟೆಡ್ ಮೂಲಕ ಸಾಗಿತು. 2016ರಲ್ಲಿ ನಗರ ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿದ ಮೇಲೆ ಕಂಪನಿ ಕಾಯ್ದೆಯಡಿ ಹುಟ್ಟಿದ ಸಂಸ್ಥೆ ಇದು. ರಾಜ್ಯ ಸರ್ಕಾರ ಮತ್ತು ಪಾಲಿಕೆ ಇದರ ಸಮಪಾಲುದಾರರು. ಅಧಿಕಾರಿಗಳ ಪಕ್ಕದಲ್ಲಿ ಕಾರ್ಪೊರೇಟರ್‌ಗಳೂ ನಿರ್ದೇಶಕರಾಗಿ ಕೂತರು. ಆ ಕುರ್ಚಿಯ ಬಗ್ಗೆ ಊರಲ್ಲಿ ಹಬ್ಬಿರುವ ತಪ್ಪು ತಿಳಿವಳಿಕೆ ಸಣ್ಣದಲ್ಲ.

ನಂಬಿಕೆ: ಬೋರ್ಡಿಗೆ ಹೋದವರು ವಾರ್ಡಿನ ಪರ, ಪಕ್ಷದ ಪರ ನಿಲ್ಲಬೇಕು.

ಪರಿಷತ್ತಿನಲ್ಲಿ ಹಾಗೆ ನಿಲ್ಲಬಹುದು, ಬೋರ್ಡಿನಲ್ಲಿ ಆಗದು. 2013ರ ಕಂಪನಿ ಕಾಯ್ದೆಯ 166ನೇ ಕಲಮು ನಿರ್ದೇಶಕರ ಕರ್ತವ್ಯಗಳನ್ನು ಸ್ಪಷ್ಟವಾಗಿ ಹೇಳಿದೆ. ಪ್ರಾಮಾಣಿಕವಾಗಿ ನಡೆಯಬೇಕು, ಎಚ್ಚರ ವಹಿಸಬೇಕು, ಸ್ವತಂತ್ರವಾಗಿ ಯೋಚಿಸಿ ತೀರ್ಮಾನಿಸಬೇಕು. ಕಂಪನಿಯ ಜತೆಗೆ ಸಮುದಾಯದ ಮತ್ತು ಪರಿಸರದ ಹಿತವನ್ನೂ ನೋಡಬೇಕು. ಪಕ್ಷದ ಕಚೇರಿಯಿಂದ ಬಂದ ಸೂಚನೆಗೆ ಕೈ ಎತ್ತಿದವರು ‘ಸ್ವತಂತ್ರ ವಿವೇಚನೆ’ ಬಳಸಿದೆ ಎಂದು ಹೇಳಿಕೊಳ್ಳಲಾರರು. ಕರ್ತವ್ಯ ಮೀರಿದರೆ 1 ಲಕ್ಷದಿಂದ 5 ಲಕ್ಷ ರೂಪಾಯಿವರೆಗೆ ದಂಡವಿದೆ.

ಸಮುದಾಯದ ಹಿತ ಎಂಬುದು ಬರೀ ಅಲಂಕಾರದ ಮಾತಲ್ಲ. 2020ರ ಏಪ್ರಿಲ್‌ನಲ್ಲಿ, ಲಾಕ್‌ಡೌನ್ ನಡುವೆ, ಸೆಂಟ್ರಲ್ ಮಾರ್ಕೆಟ್ ವ್ಯಾಪಾರಿಗಳನ್ನು ಬೈಕಂಪಾಡಿಯ ಎಪಿಎಂಸಿ ಯಾರ್ಡಿಗೆ ಕಳಿಸಲಾಯಿತು. ಹಳೆಯ ಕಟ್ಟಡ ಕೆಡಹುವ ಪಾಲಿಕೆಯ ನಿರ್ಧಾರ ಹೈಕೋರ್ಟ್ ಮೆಟ್ಟಿಲೇರಿತು. ತರಕಾರಿ ಬುಟ್ಟಿ ಇಟ್ಟು ಕೂರುವವರ ಗತಿಯೇನು ಎಂಬ ಪ್ರಶ್ನೆ ಮರುನಿರ್ಮಾಣದ ಕಡತ ಬೋರ್ಡಿನ ಮೇಜಿಗೆ ಬಂದಾಗಲೇ ಏಳಬೇಕು. ಅದನ್ನು ಕೇಳುವುದು ಜನರಿಂದ ಆಯ್ಕೆಯಾದ ನಿರ್ದೇಶಕರ ಕೆಲಸವೇ.

ನಂಬಿಕೆ: ಟೆಂಡರ್ ನನ್ನ ಹೆಸರಲ್ಲಿ ಇಲ್ಲದಿದ್ದರೆ ಸಾಕು.

ಸಾಲದು. ತನಗೆ ಯಾವ್ಯಾವ ಸಂಸ್ಥೆಗಳಲ್ಲಿ ಆಸಕ್ತಿ ಇದೆ ಎಂದು ನಿರ್ದೇಶಕರು ಮೊದಲ ಸಭೆಯಲ್ಲಿ, ಆಮೇಲೆ ಪ್ರತಿ ಹಣಕಾಸು ವರ್ಷದ ಮೊದಲ ಬೋರ್ಡ್ ಸಭೆಯಲ್ಲಿ ಲಿಖಿತವಾಗಿ ತಿಳಿಸಬೇಕು. ತಾನು ಪಾಲುದಾರನಾಗಿರುವ ಸಂಸ್ಥೆಯ ಗುತ್ತಿಗೆ ಚರ್ಚೆಗೆ ಬಂದರೆ ಅದರಲ್ಲಿ ಭಾಗವಹಿಸುವಂತಿಲ್ಲ. ಸಂಬಂಧಿಕರಿಗೆ ಅನುಚಿತ ಲಾಭ ಮಾಡಿಕೊಟ್ಟರೆ ಅಷ್ಟೂ ಹಣವನ್ನು ಕಂಪನಿಗೆ ಕಟ್ಟಬೇಕು.

ಕಾಯ್ದೆಯ ‘ಸಂಬಂಧಿ’ ಪಟ್ಟಿಯಲ್ಲಿ ಗಂಡ, ಹೆಂಡತಿ, ತಂದೆತಾಯಿ, ಮಕ್ಕಳು, ಸೊಸೆ, ಮಗಳ ಗಂಡ, ಒಡಹುಟ್ಟಿದವರು ಇದ್ದಾರೆ. ಅಳಿಯಕಟ್ಟು ಬಾಳಿದ ತುಳುನಾಡಿನಲ್ಲಿ ಮನೆಮಗನಷ್ಟೇ ಹತ್ತಿರದವನಾದ ಸೋದರಳಿಯನ ಹೆಸರು ಅಲ್ಲಿ ಪ್ರತ್ಯೇಕವಾಗಿ ಇಲ್ಲ. ಹಾಗೆಂದು ದಾರಿ ತೆರೆದಿದೆ ಎಂದುಕೊಳ್ಳಬಾರದು. ಕಂಪನಿಯ ಹಿತಕ್ಕೆ ಅಡ್ಡಬರಬಹುದಾದ ಪರೋಕ್ಷ ಆಸಕ್ತಿಯನ್ನೂ 166ನೇ ಕಲಮು ನಿಷೇಧಿಸುತ್ತದೆ.

1976ರ ಕರ್ನಾಟಕ ನಗರ ಪಾಲಿಕೆಗಳ ಕಾಯ್ದೆಯೂ ಪಾಲಿಕೆಯ ವ್ಯವಹಾರದಲ್ಲಿ ಸದಸ್ಯರ ಸ್ವಂತ ಆಸಕ್ತಿಯನ್ನು ಅನರ್ಹತೆಗೆ ಕಾರಣವೆಂದೇ ಪರಿಗಣಿಸುತ್ತದೆ. ಬೆಳಗಾವಿಯಲ್ಲಿ ‘ತಿನಿಸು ಕಟ್ಟೆ’ಯ ಮಳಿಗೆಗಳನ್ನು ಪತ್ನಿಯರ ಹೆಸರಲ್ಲಿ ಪಡೆದರೆಂಬ ದೂರಿನ ಮೇಲೆ ಇಬ್ಬರು ಪಾಲಿಕೆ ಸದಸ್ಯರನ್ನು ಪ್ರಾದೇಶಿಕ ಆಯುಕ್ತರು 2025ರ ಫೆಬ್ರವರಿಯಲ್ಲಿ ಅನರ್ಹಗೊಳಿಸಿದರು. ಆ ಆದೇಶ ನ್ಯಾಯಾಲಯದಲ್ಲಿ ಪ್ರಶ್ನೆಗೊಳಗಾಯಿತು. ಆದರೆ ಹೆಂಡತಿಯ ಹೆಸರು ಗುರಾಣಿಯಾಗುತ್ತದೆ ಎಂಬ ಭರವಸೆ ಎಷ್ಟು ದುರ್ಬಲ ಎಂಬುದು ಅಷ್ಟರಲ್ಲೇ ತಿಳಿಯಿತು.

ನಂಬಿಕೆ: ಸಹಿ ಅಧಿಕಾರಿಯದು, ಹೊಣೆಯೂ ಅವರದೇ.

ದಿನನಿತ್ಯದ ಕೆಲಸ ವ್ಯವಸ್ಥಾಪಕ ನಿರ್ದೇಶಕರದು, ನಿಜ. ಆದರೆ ಬೋರ್ಡಿನ ಮೂಲಕ ತನಗೆ ಗೊತ್ತಾಗಿ, ತಾನು ಒಪ್ಪಿ, ಅಥವಾ ತನ್ನ ಅಸಡ್ಡೆಯಿಂದ ನಡೆದ ತಪ್ಪಿಗೆ ಉಳಿದ ನಿರ್ದೇಶಕರೂ ಉತ್ತರಿಸಬೇಕು. ಸಭೆಯ ನೋಟಿಸ್ ಸಾಮಾನ್ಯವಾಗಿ 7 ದಿನ ಮೊದಲೇ ಬರುತ್ತದೆ. ಅಜೆಂಡಾದ ಜತೆಗಿನ ಅಂದಾಜುಪಟ್ಟಿ ಓದಲು, ಗುತ್ತಿಗೆ ಮೊತ್ತ ಏಕೆ ಏರಿತು ಎಂದು ಕೇಳಲು ಅಷ್ಟು ಸಮಯ ಸಾಕು. ಒಪ್ಪಿಗೆ ಇಲ್ಲದಿದ್ದರೆ ‘ನನ್ನ ಭಿನ್ನಾಭಿಪ್ರಾಯ ನಡಾವಳಿಯಲ್ಲಿ ದಾಖಲಾಗಲಿ’ ಎನ್ನಬೇಕು. ಹೊರಗೆ ಬಂದು ಪತ್ರಿಕಾಗೋಷ್ಠಿಯಲ್ಲಿ ಗುಡುಗಿದರೆ ಅದು ನಡಾವಳಿಗೆ ಸೇರುವುದಿಲ್ಲ.

ಸಭೆಗೇ ಹೋಗದಿದ್ದರೆ ತಪ್ಪಿಸಿಕೊಳ್ಳಬಹುದೇ? 12 ತಿಂಗಳಲ್ಲಿ ನಡೆದ ಒಂದು ಬೋರ್ಡ್ ಸಭೆಗೂ ಬಾರದವರ ಸ್ಥಾನ ತಾನಾಗಿಯೇ ತೆರವಾಗುತ್ತದೆ.

ನಂಬಿಕೆ: ಅವಧಿ ಮುಗಿದರೆ ಎಲ್ಲ ಮುಗಿಯಿತು.

2019ರಲ್ಲಿ ಆಯ್ಕೆಯಾದ ಮಂಗಳೂರಿನ ಪರಿಷತ್ತಿನ ಅವಧಿ 2025ರ ಫೆಬ್ರವರಿ ಕೊನೆಗೆ ಮುಗಿಯಿತು. ಸ್ಮಾರ್ಟ್ ಸಿಟಿ ಮಿಷನ್ ಆ ವರ್ಷದ ಮಾರ್ಚ್ 31ಕ್ಕೆ. ಕಂಪನಿಯ ನಡಾವಳಿ ಪುಸ್ತಕ ಮಾತ್ರ ಉಳಿಯುತ್ತದೆ, ಅದರಲ್ಲಿ ಯಾರು ಹಾಜರಿದ್ದರು, ಏನು ಒಪ್ಪಿದರು ಎಂಬುದೂ ಉಳಿಯುತ್ತದೆ. ಕುರ್ಚಿ ಬಿಟ್ಟ ಮಾತ್ರಕ್ಕೆ ಕುರ್ಚಿಯಲ್ಲಿದ್ದಾಗ ಮಾಡಿದ ತಪ್ಪು ಮನ್ನಾ ಆಗುವುದಿಲ್ಲ.

ಸರ್ಕಾರದ ಒಡೆತನದ ಕಂಪನಿಯಾದ್ದರಿಂದ ಮಾಹಿತಿ ಹಕ್ಕು ಕಾಯ್ದೆ ಇದಕ್ಕೂ ಅನ್ವಯಿಸುತ್ತದೆ. ನಿಮ್ಮ ಹಳೆಯ ಕಾರ್ಪೊರೇಟರ್ ಬೋರ್ಡಿನಲ್ಲಿದ್ದರೆ ಎಷ್ಟು ಸಭೆಗೆ ಹೋದರು, ಯಾವ ತೀರ್ಮಾನಕ್ಕೆ ಒಪ್ಪಿದರು ಎಂದು ಕೇಳಿ. ಮುಂದಿನ ಚುನಾವಣೆಯಲ್ಲಿ ಮತ ಕೇಳಲು ಅವರು ಮನೆಗೆ ಬರುವ ಮೊದಲೇ ಕೇಳಿ. ಅರ್ಜಿ ಶುಲ್ಕ 10 ರೂಪಾಯಿ, ಉತ್ತರಕ್ಕೆ ಗಡುವು 30 ದಿನ.