ಹುಟ್ಟಿದ ಮಗುವಿಗೆ ಮೊದಲ ಚುಚ್ಚುಮದ್ದು, ಮೊದಲ ತಪಾಸಣೆ

ಹಜೀರಾದ ಕಾರ್ಖಾನೆಗಳ ವಸಾಹತುಗಳಲ್ಲಿಯೂ ಸೂರತ್ ನಗರದಲ್ಲಿಯೂ ನೆಲೆಸಿರುವ ನಮ್ಮ ಕನ್ನಡ ಕುಟುಂಬಗಳಲ್ಲಿ ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕೆಂಬ ಪದ್ಧತಿ ಇಂದಿಗೂ ಉಳಿದಿದೆ. ಮಗು ಧಾರವಾಡದಲ್ಲೋ ಶಿವಮೊಗ್ಗದಲ್ಲೋ ಹುಟ್ಟುತ್ತದೆ. ಬಾಣಂತನ ಮುಗಿದ ಮೇಲೆ ಮೂರನೆಯ ಅಥವಾ ಐದನೆಯ ತಿಂಗಳಿನಲ್ಲಿ ತಾಯಿಯೊಡನೆ ಇಲ್ಲಿಗೆ ಬರುತ್ತದೆ. ಆಗ ಇಲ್ಲಿನ ವೈದ್ಯರು ಕೇಳುವ ಮೊದಲ ಪ್ರಶ್ನೆ, ‘ಹುಟ್ಟಿದಾಗ ಏನೇನು ಕೊಟ್ಟಿದ್ದಾರೆ, ಏನೇನು ಪರೀಕ್ಷಿಸಿದ್ದಾರೆ?’ ಎಂಬುದು. ‘ಎಲ್ಲಾ ಆಗಿದೆ’ ಎಂದಷ್ಟೇ ನಾವು ಉತ್ತರಿಸುತ್ತೇವೆ. ಆ ‘ಎಲ್ಲಾ’ ಎಂಬುದರಲ್ಲಿ ಏನೇನು ಸೇರಿದೆ ಎಂಬುದನ್ನು ಇಲ್ಲಿ ವಿವರಿಸಲು ಯತ್ನಿಸಿದ್ದೇವೆ. ನಾವು ವೈದ್ಯರಲ್ಲವಾದುದರಿಂದ ಮುಂದಿನ ನಿರ್ಧಾರವೆಲ್ಲ ನಿಮ್ಮ ಮಕ್ಕಳ ವೈದ್ಯರಿಗೆ ಸೇರಿದ್ದು.

ಹುಟ್ಟಿದೊಡನೆ ತೊಡೆಗೆ ಕೊಡುವ ಚುಚ್ಚುಮದ್ದೊಂದು ಲಸಿಕೆಯೇ ಅಲ್ಲ; ಅದು ‘ಕೆ’ ಜೀವಸತ್ವ. ರಕ್ತ ಹೆಪ್ಪುಗಟ್ಟಲು ಅಗತ್ಯವಾದ ಈ ಸತ್ವವು ಗರ್ಭದಲ್ಲಿ ತಾಯಿಯಿಂದ ಮಗುವಿಗೆ ಬಹಳ ಕಡಿಮೆ ದಾಟುತ್ತದೆ, ಎದೆಹಾಲಿನಲ್ಲಿಯೂ ಅತ್ಯಲ್ಪ. ಅದರ ಕೊರತೆಯುಳ್ಳ ಮಗು, ನೋಡಲು ಆರೋಗ್ಯವಾಗಿದ್ದರೂ, ಎರಡನೆಯ ವಾರದಿಂದ ಮೂರನೆಯ ತಿಂಗಳೊಳಗೆ ಹಠಾತ್ತನೆ ಮಿದುಳಿನ ರಕ್ತಸ್ರಾವಕ್ಕೆ ತುತ್ತಾಗಬಹುದು. ಸಾಮಾನ್ಯ ತೂಕದ ಶಿಶುವಿಗೆ ಒಂದು ಮಿಲಿಗ್ರಾಂ ಸಾಕು. ಡೆನ್ಮಾರ್ಕಿನ ಹೆನ್ರಿಕ್ ಡಾಮ್ ಎಂಬ ವಿಜ್ಞಾನಿಗೆ ಈ ಶೋಧಕ್ಕಾಗಿ 1943ರ ನೊಬೆಲ್ ಪ್ರಶಸ್ತಿ ಸಂದಿತು. ಹೆಪ್ಪುಗಟ್ಟುವುದಕ್ಕೆ ಇರುವ ‘ಕೋಯಾಗುಲೇಷನ್’ ಎಂಬ ಪದ ಅವರ ಭಾಷೆಯಲ್ಲಿ ‘ಕೆ’ ಅಕ್ಷರದಿಂದ ಆರಂಭವಾಗುವುದರಿಂದಲೇ ಆ ಹೆಸರು.

ಲಸಿಕೆಗಳ ವಿಚಾರ ಬಹುತೇಕ ಎಲ್ಲರಿಗೂ ತಿಳಿದದ್ದೇ. ಹುಟ್ಟಿದಾಗ ಬಿ.ಸಿ.ಜಿ., ಪೋಲಿಯೊ ಹನಿ, ಹೆಪಟೈಟಿಸ್-ಬಿ. ಇವುಗಳಲ್ಲಿ ಕೊನೆಯದನ್ನು 24 ಗಂಟೆಯೊಳಗೆ ಕೊಡಬೇಕು. ಅನಂತರದವು ಆರು, ಹತ್ತು ಮತ್ತು ಹದಿನಾಲ್ಕನೆಯ ವಾರಗಳಲ್ಲಿ.

ಕಡೆಗಣಿಸಲ್ಪಡುವುದು ಹಿಮ್ಮಡಿಯಿಂದ ತೆಗೆಯುವ ರಕ್ತದ ಹನಿ. ಶೋಧಕ ಕಾಗದದ ಮೇಲೆ ಒಣಗಿಸಿದ ಈ ಹನಿಯಿಂದ ಹುಟ್ಟುರೋಗಗಳನ್ನು ಕಂಡುಹಿಡಿಯುವ ಕ್ರಮವನ್ನು 1960ರ ದಶಕದ ಆರಂಭದಲ್ಲಿ ಅಮೆರಿಕದ ರಾಬರ್ಟ್ ಗುತ್ರಿ ರೂಪಿಸಿದರು. ನಮ್ಮ ದೇಶದಲ್ಲಿ ಇದಕ್ಕೆ ಮೊದಲಾದ ಊರುಗಳಲ್ಲಿ ಬೆಂಗಳೂರೂ ಒಂದೆಂಬುದು ಕನ್ನಡಿಗರಿಗೆ ಹೆಮ್ಮೆಯ ವಿಷಯ. 1980ರ ದಶಕದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕ ಎನ್. ಅಪ್ಪಾಜಿ ರಾವ್ ಮತ್ತು ಸಂಗಡಿಗರು ಕರ್ನಾಟಕದ ಸುಮಾರು ಒಂದು ಲಕ್ಷ ಶಿಶುಗಳನ್ನು ಹೀಗೆ ಪರೀಕ್ಷಿಸಿದರು. ಸೋದರಮಾವ, ಅತ್ತೆಯ ಮಗ ಎಂದು ರಕ್ತಸಂಬಂಧದಲ್ಲೇ ಮದುವೆಯಾಗುವ ನಮ್ಮ ರೂಢಿಯಿಂದ ಇಂತಹ ರೋಗಗಳ ಸಾಧ್ಯತೆ ಹೆಚ್ಚುತ್ತದೆ. ಹಾಗಿದ್ದರೂ ಈ ಪರೀಕ್ಷೆ ಇಂದಿಗೂ ಎಲ್ಲ ಆಸ್ಪತ್ರೆಗಳಲ್ಲಿ ತಾನಾಗಿ ನಡೆಯುವುದಿಲ್ಲ, ಕೇಳಿ ಮಾಡಿಸಬೇಕಾಗಬಹುದು.

ಇವುಗಳಲ್ಲಿ ಮುಖ್ಯವಾದುದು ಥೈರಾಯ್ಡ್ ಪರೀಕ್ಷೆ. ಹುಟ್ಟಿದ ಮೊದಲ ದಿನ ಆ ಗ್ರಂಥಿಯನ್ನು ಪ್ರಚೋದಿಸುವ ರಸದೂತ ಸಹಜವಾಗಿಯೇ ಏರಿರುವುದರಿಂದ ಎರಡು ಮೂರು ದಿನಗಳ ನಂತರ ರಕ್ತ ತೆಗೆಯುವುದು ಉತ್ತಮ. ಕೊರತೆ ಕಂಡುಬಂದರೆ ಎರಡು ವಾರಗಳೊಳಗೆ ಮಾತ್ರೆ ಆರಂಭವಾಗಬೇಕು. ತಡವಾದಷ್ಟೂ ಮಿದುಳಿಗೆ ನಷ್ಟ.

ನಮ್ಮ ಬಳಗದ ಒಂದು ಮನೆಯಲ್ಲಿ ಹೀಗಾಯಿತು. ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿಸಬೇಕೆಂಬ ಕರೆ ಊರಿನ ಆಸ್ಪತ್ರೆಯಿಂದ ಹೋದದ್ದು ತಂದೆಯ ಹಳೆಯ ದೂರವಾಣಿ ಸಂಖ್ಯೆಗೆ. ವರದಿಯ ಕಾಗದವನ್ನು ಅಜ್ಜಿ ಬೆಳ್ಳಿಯ ಉಡಿದಾರದೊಡನೆ ಟ್ರಂಕಿನಲ್ಲಿ ಜೋಪಾನವಾಗಿಟ್ಟಿದ್ದರು. ಮಗುವಿಗೆ ಮೂರು ತಿಂಗಳಾಗಿ ಹಜೀರಾಕ್ಕೆ ಬಂದು, ಇಲ್ಲಿನ ವೈದ್ಯೆ ಕೇಳಿದ ಮೇಲೆಯೇ ಅದು ಹೊರಬಂದದ್ದು. ಮರುಪರೀಕ್ಷೆಯಾಗಿ ಮಾತ್ರೆ ಆರಂಭವಾಯಿತು. ಮಾತು ತಡವಾಗಿ ಬಂದರೂ ಮಗು ಈಗ ಶಾಲೆಗೆ ಹೋಗುತ್ತಿದೆ. ಆದರೆ ಆ ತಾಯಿ ಕೈತಪ್ಪಿಹೋದ ಆ ವಾರಗಳನ್ನು ಇಂದಿಗೂ ಎಣಿಸುತ್ತಾರೆ.

ಟ್ರಂಕಿನ ಮಾತು ಬಂದುದರಿಂದ ಇನ್ನೊಂದು ಸಂಗತಿ. ಹಳೆಯ ಬಟ್ಟೆಗಳ ನಡುವೆ ಇಡುವ ನುಸಿಗುಳಿಗೆಯ ವಾಸನೆ ‘ಜಿ-6-ಪಿ-ಡಿ’ ಎಂಬ ಕಿಣ್ವದ ಕೊರತೆಯುಳ್ಳ ಶಿಶುಗಳಲ್ಲಿ ರಕ್ತಕಣಗಳನ್ನು ಒಡೆದು ಕಾಮಾಲೆಯನ್ನು ಉಲ್ಬಣಗೊಳಿಸುತ್ತದೆ. ಅಂತಹ ಬಟ್ಟೆಯನ್ನು ಮಗುವಿಗೆ ಹೊದಿಸಲೇಬಾರದು. ಜೇನು ನೆಕ್ಕಿಸುವುದೂ ಒಂದು ವರ್ಷದವರೆಗೆ ಬೇಡ. ಹಿರಿಯರಿಗೆ ಇದನ್ನು ಹೇಳುವುದು ಕಷ್ಟವೆಂದು ಬಲ್ಲೆವು.

ದಕ್ಷಿಣ ಗುಜರಾತಿನಲ್ಲಿ ಕುಡುಗೋಲು ಕಣದ ರಕ್ತಹೀನತೆ, ಅಂದರೆ ಸಿಕಲ್ ಸೆಲ್, ವಿಶೇಷವಾಗಿ ಆದಿವಾಸಿ ಸಮುದಾಯಗಳಲ್ಲಿ ಹೆಚ್ಚಾಗಿರುವುದರಿಂದ ಇಲ್ಲಿನ ವೈದ್ಯರು ಅದನ್ನೂ ಕೇಳಿಯಾರು. ಗಾಬರಿ ಬೇಡ.

ಶ್ರವಣ ಪರೀಕ್ಷೆ ಮಗು ಮಲಗಿದ್ದಾಗಲೇ ಕೆಲವು ನಿಮಿಷಗಳಲ್ಲಿ ಮುಗಿಯುತ್ತದೆ. ಒಂದು ತಿಂಗಳೊಳಗೆ ತಪಾಸಣೆ, ಮೂರರೊಳಗೆ ರೋಗನಿರ್ಣಯ, ಆರರೊಳಗೆ ಶ್ರವಣಸಾಧನ ಎಂಬುದು ಅನುಸರಿಸಬೇಕಾದ ಕ್ರಮ. ಬಾಣಂತಿ ಮೈಸೂರಿನ ಕಡೆಯಲ್ಲಿದ್ದರೆ ಅಲ್ಲಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ವಿಚಾರಿಸಬಹುದು.

ಕರ್ನಾಟಕದ ತಾಯಿ ಕಾರ್ಡ್ ಕನ್ನಡದಲ್ಲಿದ್ದರೆ ಇಲ್ಲಿನ ಮಮತಾ ಕಾರ್ಡ್ ಗುಜರಾತಿಯಲ್ಲಿದೆ. ಆದುದರಿಂದ ಊರು ಬಿಡುವ ಮುನ್ನ ಬಿಡುಗಡೆ ಪತ್ರ, ಲಸಿಕೆಯ ಚೀಟಿ, ಹಿಮ್ಮಡಿ ರಕ್ತದ ಹಾಗೂ ಶ್ರವಣದ ವರದಿಗಳಿಗೆ ಎರಡು ನೆರಳಚ್ಚು ತೆಗೆಸಿ, ಒಂದನ್ನು ತವರಿನಲ್ಲಿಯೇ ಬಿಟ್ಟು ಬನ್ನಿ. ಆಸ್ಪತ್ರೆಯಲ್ಲಿ ತಂದೆಯ ದೂರವಾಣಿ ಸಂಖ್ಯೆಯ ಜೊತೆಗೆ ಅಜ್ಜಿಯ ಸಂಖ್ಯೆಯನ್ನೂ ಬರೆಸಿರಿ.