ಹಾಫ್ ಟ್ರಯಥ್ಲಾನ್: ಮೊದಲು ಸೈಕಲ್ ದಾರಿ ನೋಡಿ

ಹಾಫ್ ಟ್ರಯಥ್ಲಾನ್‌ಗೆ ಹೆಸರು ಕೊಡೋ ಮುಂಚೆ ಊರು, ಸಮುದ್ರ, ಹೋಟೆಲು ಎಲ್ಲ ನೋಡ್ತೀರಿ. ಸೈಕಲ್ ದಾರಿಯ ಏರಿಳಿತ ನೋಡಿದ್ರಾ? 1.9 ಕಿಲೋಮೀಟರ್ ಈಜು, 90 ಕಿಲೋಮೀಟರ್ ಸೈಕಲ್, 21.1 ಕಿಲೋಮೀಟರ್ ಓಟ. ಹೆಚ್ಚಿನವರಿಗೆ ಅರ್ಧದಷ್ಟು ಸಮಯ ಸೈಕಲ್ ಮೇಲೇ ಕಳೆಯುತ್ತೆ.

ಇದೇ ದೂರದ ಸ್ಪರ್ಧೆಯಾದ 70.3ರ 2019ರ ವಿಶ್ವ ಚಾಂಪಿಯನ್‌ಶಿಪ್ ನಡೆದದ್ದು ಫ್ರಾನ್ಸ್‌ನ ನೀಸ್‌ನಲ್ಲಿ. ಕಡಲದಂಡೆಯಿಂದ ಹೊರಟವರು 963 ಮೀಟರ್ ಎತ್ತರದ ಕೋಲ್ ದ ವಾನ್ಸ್ ಹತ್ತಬೇಕಿತ್ತು. ಏರಿನಲ್ಲಿ ಹಗೂರ ಮೈಯವರಿಗೆ ಲಾಭ, ನಿಜ. ಆದರೆ ನನ್ನ ಪ್ರಕಾರ ಅಸಲಿ ಪರೀಕ್ಷೆ ಇಳಿಜಾರು. ಟೈಮ್ ಟ್ರಯಲ್ ಸೈಕಲ್‌ನಲ್ಲಿ ಮೊಣಕೈ ಊರಿ ಏರೋಬಾರ್ ಹಿಡಿದಾಗ ಗೇರ್ ಬೆರಳ ತುದಿಯಲ್ಲೇ ಇರುತ್ತೆ. ಬ್ರೇಕ್ ಇರೋದು ಮಾತ್ರ ಪಕ್ಕದ ಹ್ಯಾಂಡಲ್‌ನಲ್ಲಿ! ತಿರುವು ಬರೋ ಮುಂಚೇನೇ ಕೈ ಅಲ್ಲಿಗೆ ಹೋಗಿರಬೇಕು. ಇಳಿಯೋ ಅಭ್ಯಾಸ ಇಲ್ಲದವರಿಗೆ ಇಂಥ ಕಡೆ ಸಾದಾ ರೋಡ್ ಬೈಕೇ ವಾಸಿ.

ಹಾಗಾದ್ರೆ ಬಹರೇನ್‌ನಂಥ ಸಮತಟ್ಟು ದಾರಿ ಸುಲಭಾನಾ? ಅಲ್ಲಿ ಕಾಲಿಗೆ ಬಿಡುವು ಕೊಡೋಕೆ ಒಂದು ಇಳಿಜಾರೂ ಸಿಗಲ್ಲ. ತಲೆ ತಗ್ಗಿಸಿ ಗಂಟೆಗಟ್ಟಲೆ ಒಂದೇ ಸಮ ತುಳೀಬೇಕು. ಕತ್ತು, ಸೊಂಟ ಹಿಡ್ಕೊಳ್ಳುತ್ತೆ. ಎದುರುಗಾಳಿ ಬಂತೋ, ಅದೇ ಬೆಟ್ಟ. ದಷ್ಟಪುಷ್ಟ ಮೈಕಟ್ಟಿನ, ಬಲವಾಗಿ ತುಳಿಯೋ ಸವಾರರಿಗೆ ಈ ದಾರಿ ಒಲಿಯುತ್ತೆ.

ಬೆಂಗಳೂರಿನಲ್ಲಿದ್ದು ವಾರವಾರ ನಂದಿ ಬೆಟ್ಟ ಹತ್ತೋರು ಏರುದಾರಿಗೆ ಹೆದರಬೇಡಿ. ಆದರೆ ನಕ್ಷೆಯಲ್ಲಿ ಒಟ್ಟು ಏರಿಕೆ ಎಷ್ಟು ಮೀಟರ್ ಅಂತ ಮಾತ್ರ ನೋಡಿ ಸುಮ್ಮನಾಗಬೇಡಿ. ಏರು ಒಂದೇ ಕಡೆ ಇದೆಯಾ, ದಿಬ್ಬ ದಿಬ್ಬವಾಗಿ ಹರಡಿದೆಯಾ, ಕೊನೇ 10 ಕಿಲೋಮೀಟರ್ ಹೇಗಿದೆ, ಅದನ್ನೂ ಗಮನಿಸಿ. ಕಡಿದಾದ ಏರು ಕಂಡರೆ ಹಿಂದಿನ ಚಕ್ರಕ್ಕೆ 32 ಅಥವಾ 34 ಹಲ್ಲಿನ ಗೇರ್ ಈಗಲೇ ಹಾಕಿಸಿ, ಅದರಲ್ಲೇ ಅಭ್ಯಾಸ ಶುರು ಮಾಡಿ.