ನೈಲ್ ನದಿಯ ಹುಲ್ಲು, ನಮ್ಮೂರ ಓಲೆಗರಿ

ಗುಮ್ಮಳಾಪುರದ ಹೊಲಗಳಲ್ಲಿ ನಾವು ಕಿತ್ತೆಸೆಯುವ ಜೇಕಿನ ಬಳಗಕ್ಕೇ ಸೇರಿದ್ದು ಈಜಿಪ್ಟಿನ ಪಪೈರಸ್. ಕೂಸು ಮೋಶೆಯನ್ನು ಮಲಗಿಸಿದ ಬುಟ್ಟಿ ಇದೇ ಆಪುಹುಲ್ಲಿನದು. ಇದರ ದಂಟಿನ ತಿರುಳನ್ನು ಪಟ್ಟಿಗಳಾಗಿ ಸೀಳಿ, ಉದ್ದಕ್ಕೊಂದು ಅಡ್ಡಕ್ಕೊಂದು ಪದರ ಹಾಸಿ, ಒತ್ತಿ ಒಣಗಿಸಿದರೆ ಬರೆಯುವ ಹಾಳೆ ಸಿದ್ಧ.

ಆಕ್ಸಿರಿಂಕಸ್‌ನಲ್ಲಿ ಸಿಕ್ಕಿ 1903ರಲ್ಲಿ ಅಚ್ಚಾದ ಇಂಥದೊಂದು ಬರಹ ಗ್ರೀಕ್ ಪ್ರಹಸನ. ಅದರ ಭಾರತೀಯ ಪಾತ್ರಗಳು ಆಡುವುದು ಕನ್ನಡವೆಂದು 1904ರಲ್ಲಿ ಜರ್ಮನ್ ವಿದ್ವಾಂಸ ಹುಲ್ಟ್ಷ್ ವಾದಿಸಿದರು. ತುಳು ಎಂದವರೂ ಇದ್ದಾರೆ, ಚರ್ಚೆ ಮುಗಿದಿಲ್ಲ. ಆ ಹಾಳೆಯನ್ನು ಕಾಪಾಡಿದ್ದು ಒಣ ಮರಳು.

ನಮ್ಮ ಹಿರಿಯರು ಬರೆದದ್ದು ತಾಳೆಗರಿಯ ಮೇಲೆ. ಮಳೆ, ಗೆದ್ದಲುಗಳ ನಡುವೆ ಗರಿ ಬಹುಕಾಲ ಬಾಳದು. ಮತ್ತೆ ಮತ್ತೆ ನಕಲು ಮಾಡಿದ ಕೈಗಳಿಂದಲೇ ಗುಮ್ಮಳಾಪುರದ ಸಿದ್ಧಲಿಂಗಯತಿಗಳ ಶೂನ್ಯಸಂಪಾದನೆ ನಮಗೆ ದಕ್ಕಿತು. ಅಟ್ಟದಲ್ಲಿ ಹಳೆಯ ಓಲೆಕಟ್ಟು ಇದ್ದರೆ ಒಲೆಗೆ ಹಾಕದಿರೋಣ, ಓದಬಲ್ಲವರಿಗೆ ತೋರಿಸೋಣ.